ಶ್ರುತಪಂಚಮಿಯ ನೋಂಪಿ ಮತ್ತು ಉಳಿದುಬಂದ ಆಗಮ

ಶ್ರಾವಕನಾದವನಿಗೆ ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಆರು ನಿತ್ಯಕರ್ಮಗಳನ್ನು ಪೂರ್ವಾಚಾರ್ಯರು ವಿಧಿಸಿದ್ದಾರೆ. ಸಂಸಾರದ ಜಂಜಾಟದಲ್ಲಿ ಈ ಆರನ್ನೂ ದಿನದಿನವೂ ತಪ್ಪದೆ ನಡೆಸುವವರು ವಿರಳ. ವರ್ಷದ ಕೆಲವು ದಿನಗಳಲ್ಲಾದರೂ ಇವೆಲ್ಲವೂ ಒಂದೇ ಮನೆಯಲ್ಲಿ ಕೂಡಿಬರುವಂತೆ ಮಾಡಿದವು ನಮ್ಮ ಪರ್ವಗಳು. ಬಸದಿಯಲ್ಲಿ ನಡೆಯುವ ಉತ್ಸವ ಊರಿಗೆಲ್ಲ ಕಾಣುತ್ತದೆ. ಮನೆಯೊಳಗಿನ ಪರ್ವಾಚರಣೆ ಹೊರಗಿನವರಿಗೆ ಕಾಣುವುದಿಲ್ಲ. ಇತಿಹಾಸ ಬರೆಯುವವರು ಸಾಮಾನ್ಯವಾಗಿ ಬಸದಿ ಕಟ್ಟಿಸಿದ ಅರಸರ, ದಂಡನಾಯಕರ, ಶ್ರೇಷ್ಠಿಗಳ ಹೆಸರುಗಳನ್ನು ಹೇಳಿ ಮುಂದೆ ಹೋಗುತ್ತಾರೆ. ಆದರೆ ದಿಗಂಬರ ಜೈನರ ಪರಮಪೂಜ್ಯವಾದ ಸಿದ್ಧಾಂತ ಗ್ರಂಥಗಳು ಇಂದು ನಮ್ಮ ಕೈಗೆ ಸಿಕ್ಕಿರುವುದರಲ್ಲಿ ಕನ್ನಡ ನಾಡಿನ ಶ್ರಾವಿಕೆಯರು ಹಿಡಿದ ಒಂದು ನೋಂಪಿಯ ಪಾತ್ರ ಎಷ್ಟು ದೊಡ್ಡದೆಂಬುದನ್ನು ಎಷ್ಟು ಮಂದಿ ಬಲ್ಲರು?

ಜೈನ ಗೃಹಸ್ಥನ ವರ್ಷವನ್ನು ಒಮ್ಮೆ ನೆನೆದರೆ ಪ್ರತಿಯೊಂದು ಪರ್ವದ ಹಿಂದೆಯೂ ಒಂದು ಕಥೆ, ಒಂದು ನೆನಪು ಇರುವುದು ಕಂಡುಬರುತ್ತದೆ. ಅಕ್ಷಯ ತೃತೀಯೆಯಂದು ಹಸ್ತಿನಾಪುರದ ಶ್ರೇಯಾಂಸ ಕುಮಾರನು ಆದಿತೀರ್ಥಂಕರರಿಗೆ ಕಬ್ಬಿನ ಹಾಲನ್ನು ನೀಡಿ ದಾನತೀರ್ಥವನ್ನು ಪ್ರವರ್ತಿಸಿದನು. ನೂಲ ಹುಣ್ಣಿಮೆಯಂದು ವಿಷ್ಣುಕುಮಾರ ಮುನಿಗಳು ಅಕಂಪನಾಚಾರ್ಯರೇ ಮೊದಲಾದ ಏಳುನೂರು ಮುನಿಗಳ ಉಪಸರ್ಗವನ್ನು ನಿವಾರಿಸಿದರು. ಆಷಾಢ, ಕಾರ್ತಿಕ, ಫಾಲ್ಗುಣ ಮಾಸಗಳ ಅಷ್ಟಾಹ್ನಿಕ, ಭಾದ್ರಪದದ ದಶಲಕ್ಷಣ ಪರ್ವ, ಅದರ ಕೊನೆಗೆ ಬರುವ ಅನಂತನ ನೋಂಪಿ, ಇವುಗಳನ್ನು ಬಲ್ಲದ ಮನೆಯಿಲ್ಲ.

ಆಶ್ವಯುಜ ಶುದ್ಧ ಅಷ್ಟಮಿಯಂದು ಬರುವ ಜೀವದಯಾಷ್ಟಮಿಯ ವಿಷಯದಲ್ಲಿ ಮಾತ್ರ ಒಂದೆರಡು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿಕೊಟ್ಟ ಯಶೋಧರ ಮತ್ತು ಅವನ ತಾಯಿ ಚಂದ್ರಮತಿ ಆ ಸಂಕಲ್ಪಹಿಂಸೆಯ ಫಲವಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲಿದ ಕಥೆಯನ್ನು ಕವಿಚಕ್ರವರ್ತಿ ಜನ್ನನು 1209ರಲ್ಲಿ ಯಶೋಧರ ಚರಿತೆಯಾಗಿ ರಚಿಸಿದನು. ವಿದ್ಯಾರ್ಥಿಗಳು ಇಂದು ಕಾಲೇಜಿನಲ್ಲಿ ಪಠ್ಯವೆಂದು ಓದುವ ಈ ಕಾವ್ಯದ ಕಥೆ ಜೈನರ ಮನೆಗಳಲ್ಲಿ ನೋಂಪಿಯ ಕಥೆಯಾಗಿ, ಓದುಬರಹ ಬಾರದ ಅಜ್ಜಿಯರ ಬಾಯಲ್ಲಿ ಬದುಕಿತ್ತು. ಹಾಗೆಯೇ ದೀಪಾವಳಿ. ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ಮುಗಿಸಿದ ಹರಿವಂಶ ಪುರಾಣದಲ್ಲಿ ಭಗವಾನ್ ಮಹಾವೀರರ ನಿರ್ವಾಣದ ನೆನಪಿಗಾಗಿ ಜನರು ವರ್ಷವರ್ಷವೂ ದೀಪಗಳ ಸಾಲನ್ನು ಬೆಳಗುತ್ತಾರೆಂದು ಹೇಳಿದ್ದಾರೆ. ಪುನ್ನಾಟವೆಂಬುದು ನಮ್ಮ ದಕ್ಷಿಣ ಕರ್ನಾಟಕದ ನಾಡೇ. ಆಚಾರ್ಯರು ತಮ್ಮ ಗ್ರಂಥದ ಬಹುಭಾಗವನ್ನು ರಚಿಸಿದುದು ದೂರದ ವರ್ಧಮಾನಪುರದಲ್ಲಿ. ಆದರೆ ಅವರ ಸಂಘದ ಹೆಸರಿನಲ್ಲಿ ಈ ನಾಡು ಅಲ್ಲಿಗೂ ಹೋಗಿತ್ತು. ಅಮಾವಾಸ್ಯೆಯ ಬೆಳಗಿನ ಜಾವದಲ್ಲಿ ನಿರ್ವಾಣಪೂಜೆಗೆಂದು ಮಕ್ಕಳನ್ನು ಎಬ್ಬಿಸುವ ತಾಯಿ 1,200 ವರ್ಷಗಳಿಗೂ ಹಿಂದೆ ಬರೆದಿಟ್ಟ ಮಾತನ್ನು ತನಗೆ ಅರಿವಿಲ್ಲದೆಯೇ ನಡೆಸುತ್ತಿರುತ್ತಾಳೆ.

ಇಷ್ಟೆಲ್ಲ ಪರ್ವಗಳ ನಡುವೆ ಜ್ಯೇಷ್ಠ ಶುದ್ಧ ಪಂಚಮಿಯಂದು ಬರುವ ಶ್ರುತಪಂಚಮಿಯು ಸದ್ದಿಲ್ಲದೆ ಬಂದು ಹೋಗುವ ಪರ್ವ. ದೀಪವಿಲ್ಲ, ವಿಶೇಷ ಭಕ್ಷ್ಯಗಳಿಲ್ಲ, ನೆಂಟರ ಓಡಾಟವಿಲ್ಲ. ಗ್ರಂಥಗಳನ್ನು ಪೀಠದ ಮೇಲೆ ಇಟ್ಟು ಪೂಜಿಸುವುದು, ಹಳೆಯ ವಸ್ತ್ರವನ್ನು ತೆಗೆದು ಹೊಸ ವಸ್ತ್ರವನ್ನು ಸುತ್ತುವುದು, ಕೂಡುವಷ್ಟು ಓದುವುದು, ಇಷ್ಟೇ ಅದರ ವಿಧಿ. ಆದರೆ ಉಳಿದೆಲ್ಲ ಪರ್ವಗಳ ವಿಧಿವಿಧಾನಗಳು ಬರೆದಿರುವುದು ಗ್ರಂಥಗಳಲ್ಲಿಯೇ ಆದುದರಿಂದ ಈ ಪರ್ವವಿಲ್ಲದೆ ಉಳಿದವುಗಳಿಗೆ ಆಧಾರವೆಲ್ಲಿ?

ಈ ಪರ್ವದ ಮೂಲವನ್ನು ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿಯೂ ಇಂದ್ರನಂದಿಗಳು ಶ್ರುತಾವತಾರದಲ್ಲಿಯೂ ತಿಳಿಸಿದ್ದಾರೆ. ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರೆಂಬ ಶ್ರುತಧರರಿದ್ದರು. ಅಲ್ಲಿಯವರೆಗೆ ಆಗಮಜ್ಞಾನವು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುತ್ತಿತ್ತೇ ಹೊರತು ಬರವಣಿಗೆಗೆ ಬಂದಿರಲಿಲ್ಲ. ತಮ್ಮೊಡನೆ ಶ್ರುತವಿಚ್ಛೇದವಾದೀತೆಂಬ ಭಯದಿಂದ ಅವರು ದಕ್ಷಿಣಾಪಥದ ಮುನಿಸಂಘಕ್ಕೆ ಪತ್ರ ಕಳುಹಿಸಿದರು. ಸಂಘವು ಇಬ್ಬರು ಸಮರ್ಥ ಮುನಿಗಳನ್ನು ಕಳುಹಿಸಿಕೊಟ್ಟಿತು. ಧರಸೇನರು ಅವರನ್ನು ಕೂಡಲೇ ಒಪ್ಪಿಕೊಳ್ಳಲಿಲ್ಲ. ಇಬ್ಬರಿಗೂ ಒಂದೊಂದು ವಿದ್ಯೆಯನ್ನು ಸಾಧಿಸಲು ಕೊಟ್ಟರು. ಒಂದರಲ್ಲಿ ಒಂದಕ್ಷರ ಹೆಚ್ಚಾಗಿತ್ತು, ಮತ್ತೊಂದರಲ್ಲಿ ಒಂದಕ್ಷರ ಕಡಿಮೆಯಾಗಿತ್ತು. ವಿದ್ಯೆ ಸಿದ್ಧಿಸಿ ದೇವತೆಗಳು ಕಾಣಿಸಿಕೊಂಡಾಗ ಒಬ್ಬಳು ಹಲ್ಲು ಮುಂದೆ ಚಾಚಿದವಳೂ ಇನ್ನೊಬ್ಬಳು ಒಕ್ಕಣ್ಣಿನವಳೂ ಆಗಿದ್ದರು. ದೇವತೆಗಳು ವಿಕಾರವಾಗಿರುವುದಿಲ್ಲವೆಂದು ಅರಿತ ಮುನಿಗಳು ಮಂತ್ರವನ್ನು ತಾವೇ ತಿದ್ದಿ ಮತ್ತೆ ಜಪಿಸಿದರು. ಆಗ ದೇವತೆಗಳು ಸಹಜ ರೂಪದಲ್ಲಿ ಕಂಡರು. ಒಂದಕ್ಷರದ ಏರುಪೇರನ್ನೂ ಕಂಡುಹಿಡಿದು ಸರಿಪಡಿಸಬಲ್ಲವರಿಗೆ ಮಾತ್ರ ಶ್ರುತವನ್ನು ಒಪ್ಪಿಸಬೇಕೆಂಬುದು ಗುರುಗಳ ನಿಲುವು.

ಈ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ವಿದ್ಯಾಭ್ಯಾಸ ಮುಗಿದ ಮೇಲೆ ಅಂಕುಲೇಶ್ವರದಲ್ಲಿ ವರ್ಷಾಯೋಗವನ್ನು ಕಳೆದು, ಪುಷ್ಪದಂತರು ವನವಾಸ ದೇಶಕ್ಕೂ ಭೂತಬಲಿಗಳು ದ್ರಮಿಳ ದೇಶಕ್ಕೂ ಬಂದರು. ವನವಾಸವೆಂದರೆ ನಮ್ಮ ಬನವಾಸಿಯ ಸೀಮೆ. ಅಲ್ಲಿ ಪುಷ್ಪದಂತರು ಜಿನಪಾಲಿತನಿಗೆ ದೀಕ್ಷೆಯನ್ನಿತ್ತು, ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ, ಅವನ ಕೈಯಲ್ಲಿ ಭೂತಬಲಿಗಳ ಬಳಿಗೆ ಕಳುಹಿಸಿದರು. ಪುಷ್ಪದಂತರ ಆಯುಷ್ಯ ಸ್ವಲ್ಪವೇ ಉಳಿದಿದೆಯೆಂದು ಅರಿತ ಭೂತಬಲಿಗಳು ಉಳಿದ ಭಾಗವನ್ನು ಪೂರ್ಣಗೊಳಿಸಿದರು. ಹೀಗೆ ಷಟ್ಖಂಡಾಗಮವು ಸಿದ್ಧವಾಗಿ, ಪುಸ್ತಕಾರೂಢವಾದ ಶ್ರುತವನ್ನು ಚತುಸ್ಸಂಘವು ಜ್ಯೇಷ್ಠ ಶುದ್ಧ ಪಂಚಮಿಯಂದು ಪೂಜಿಸಿತು. ಆ ದಿನವೇ ಶ್ರುತಪಂಚಮಿ. ದಿಗಂಬರ ಪರಂಪರೆಯ ಮೊದಲ ಲಿಖಿತ ಆಗಮದ ಮೊದಲ ಸೂತ್ರಗಳು ಕನ್ನಡ ನೆಲದಲ್ಲಿ ರಚಿತವಾದವೆಂಬುದು ಕನ್ನಡ ಜೈನರಿಗೆ ಅಭಿಮಾನದ ಸಂಗತಿ. ಈ ಗ್ರಂಥದ ಭಾಷೆ ಪ್ರಾಕೃತ. ಆ ಭಾಷೆಗೆ ಭಾರತ ಸರಕಾರವು ಶಾಸ್ತ್ರೀಯ ಭಾಷೆಯ ಸ್ಥಾನವನ್ನು ಕೊಟ್ಟುದು 2024ರಲ್ಲಿ.

ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಈ ಆಗಮದ ಮೊದಲ ಐದು ಖಂಡಗಳಿಗೆ ಧವಲಾ ಎಂಬ ಟೀಕೆಯನ್ನು ಬರೆದು ಶಕ 738ರ ಕಾರ್ತಿಕ ಶುದ್ಧ ತ್ರಯೋದಶಿಯಂದು, ಅಂದರೆ ಕ್ರಿ.ಶ. 816ರಲ್ಲಿ, ಮುಗಿಸಿದರು. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಶಕ 759ರ ಫಾಲ್ಗುಣ ಶುದ್ಧ ದಶಮಿಯಂದು ಪೂರ್ಣಗೊಳಿಸಿದರು. ಅದು ನಂದೀಶ್ವರ ಪರ್ವದ ನಡುವಿನ ದಿನವೆಂದು ಅವರೇ ಹೇಳಿದ್ದಾರೆ. ಆರನೆಯ ಖಂಡವಾದ ಮಹಾಬಂಧವನ್ನು ಭೂತಬಲಿಗಳೇ ವಿಸ್ತಾರವಾಗಿ ರಚಿಸಿದ್ದಾರೆ. ಜನರ ಬಾಯಲ್ಲಿ ಅದಕ್ಕೆ ಮಹಾಧವಲವೆಂಬ ಹೆಸರು ಬಂದಿದೆ.

ಧವಲಾ ಟೀಕೆಯ ಪ್ರಮಾಣ 72,000 ಶ್ಲೋಕ. ಇಲ್ಲಿ ಶ್ಲೋಕವೆಂದರೆ ಪದ್ಯವಲ್ಲ, 32 ಅಕ್ಷರಗಳ ಒಂದು ಅಳತೆ. ಅಂಗಡಿಯಲ್ಲಿ ಸೇರು ಪಾವು ಇದ್ದಂತೆ ಲಿಪಿಕಾರರಿಗೆ ಇದು ಮಾನ. ಗುಣಿಸಿ ನೋಡಿದರೆ 23 ಲಕ್ಷದ 4 ಸಾವಿರ ಅಕ್ಷರಗಳಾಗುತ್ತವೆ. ಜಯಧವಲೆಯದು 60,000 ಶ್ಲೋಕ. ಒಬ್ಬ ಲಿಪಿಕಾರನು ದಿನಕ್ಕೆ 100 ಶ್ಲೋಕ ಬರೆಯುತ್ತಾನೆಂದು ಎಣಿಸಿದರೂ ಧವಲೆಯೊಂದಕ್ಕೇ 720 ದಿನಗಳು ಬೇಕು. ಅಷ್ಟು ಕಾಲ ಅವನಿಗೆ ಊಟ, ವಸತಿ, ಸಂಭಾವನೆ ಕೊಡಬೇಕು, ತಾಳೆಯೋಲೆಯನ್ನು ಹದಮಾಡಿಸಬೇಕು, ಬರೆದುದನ್ನು ಮೂಲದೊಡನೆ ತಾಳೆ ನೋಡುವ ವಿದ್ವಾಂಸರು ಬೇಕು. ಒಂದು ಪ್ರತಿಯೆಂದರೆ ಒಂದು ಸಣ್ಣ ಬಸದಿಯನ್ನು ಕಟ್ಟಿಸಿದಷ್ಟು ಕೆಲಸವೆಂದರೆ ಅತಿಶಯೋಕ್ತಿಯಲ್ಲ. ಇಷ್ಟು ವೆಚ್ಚವನ್ನು ಹೊತ್ತವರು ಯಾರು? ಯಾವ ನಿಮಿತ್ತದಿಂದ ಹೊತ್ತರು?

ಅದಕ್ಕೆ ಉತ್ತರ ಓಲೆಗಳಲ್ಲಿಯೇ ಬರೆದಿದೆ. ಮೂಡುಬಿದಿರೆಯಲ್ಲಿ ಉಳಿದ ಧವಲಾ ಪ್ರತಿಯ ಪ್ರಶಸ್ತಿಯಂತೆ, ಶಿವಮೊಗ್ಗದ ಕಡೆಯ ಮಂಡಲಿನಾಡಿನ ಭುಜಬಲ ಗಂಗಪೆರ್ಮಾಡಿ ದೇವನ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉಜ್ಜವಣೆಯ ಕಾಲದಲ್ಲಿ ಈ ಪ್ರತಿಯನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಆ ಶುಭಚಂದ್ರರು ಶಕ 1045ರಲ್ಲಿ, ಅಂದರೆ 1123ರಲ್ಲಿ, ಸ್ವರ್ಗಸ್ಥರಾದುದನ್ನು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಆದುದರಿಂದ ಇದು ಸುಮಾರು 900 ವರ್ಷಗಳ ಹಿಂದಿನ ಮಾತು. ಮಹಾಬಂಧದ ಪ್ರತಿಯ ಕಥೆಯೂ ಇದೇ ಬಗೆಯದು. ಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿಯ ನೋಂಪಿಯನ್ನು ಮುಗಿಸಿ, ಉಜ್ಜವಣೆ ಮಾಡಿ, ಆ ಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಒಬ್ಬಳು ಧವಲೆಯನ್ನು ಉಳಿಸಿದಳು, ಮತ್ತೊಬ್ಬಳು ಮಹಾಬಂಧವನ್ನು ಉಳಿಸಿದಳು. ಇಬ್ಬರಿಗೂ ನಿಮಿತ್ತವಾದುದು ಪಂಚಮಿಯ ನೋಂಪಿ.

ನೋಂಪಿಯೆಂದರೇನೆಂಬುದನ್ನು ಇಂದಿನ ಎಳೆಯರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಗುರುಗಳ ಅಥವಾ ಜಿನಬಿಂಬದ ಸನ್ನಿಧಿಯಲ್ಲಿ ಇಂಥ ವ್ರತವನ್ನು ಇಷ್ಟು ವರ್ಷ ನಡೆಸುವೆನೆಂದು ಸಂಕಲ್ಪ ಮಾಡುವುದು. ಗೊತ್ತಾದ ತಿಥಿಯಂದು ಉಪವಾಸವಿದ್ದು ಅಭಿಷೇಕ ಪೂಜೆಗಳನ್ನು ಮಾಡಿಸಿ ಆ ನೋಂಪಿಯ ಕಥೆಯನ್ನು ಕೇಳುವುದು. ಮರುದಿನ ಪಾತ್ರದಾನವಿತ್ತು ಪಾರಣೆ ಮಾಡುವುದು. ಅವಧಿ ತುಂಬಿದ ಮೇಲೆ ಉಜ್ಜವಣೆ. ಅನಂತನ ನೋಂಪಿಗೆ 14 ವರ್ಷ. ಹದಿನಾಲ್ಕು ವರ್ಷಗಳೆಂದರೆ ಮದುವೆಯಾಗಿ ಬಂದ ಸೊಸೆ ಮಕ್ಕಳ ತಾಯಿಯಾಗಿ, ಆ ಮಕ್ಕಳು ಶಾಲೆಗೆ ಹೋಗುವಷ್ಟು ಕಾಲ. ಒಂದು ನೋಂಪಿ ಮುಗಿಯುವಷ್ಟರಲ್ಲಿ ಮನೆಯಲ್ಲಿ ಬೆಳೆದ ಮಗುವಿಗೆ ಅದರ ಕಥೆ, ವಿಧಿ, ಅಡುಗೆ ಎಲ್ಲವೂ ತಾನಾಗಿ ಬಂದಿರುತ್ತಿತ್ತು. ಕನ್ನಡದಲ್ಲಿ ನೋಂಪಿಯ ಕಥೆಗಳೆಂಬ ಸಾಹಿತ್ಯದ ಒಂದು ಪ್ರಕಾರವೇ ಹುಟ್ಟಿದುದು ಈ ಶ್ರೋತೃಗಳಿಗಾಗಿ. ಶ್ರೀಪಂಚಮಿಯ ವ್ರತದ ಮಹಿಮೆಗೆ ನಾಗಕುಮಾರನ ಕಥೆಯುಂಟು. ಅದನ್ನು ಹತ್ತನೆಯ ಶತಮಾನದಲ್ಲಿ ಮಾನ್ಯಖೇಟದಲ್ಲಿ ಅಪಭ್ರಂಶ ಭಾಷೆಯಲ್ಲಿ ಕಾವ್ಯವಾಗಿಸಿದ ಕವಿಯ ಹೆಸರೂ ಪುಷ್ಪದಂತನೇ. ಸೂತ್ರಕಾರರಾದ ಪುಷ್ಪದಂತಾಚಾರ್ಯರು ಬೇರೆ, ಈ ಮಹಾಕವಿ ಬೇರೆ.

ಉಜ್ಜವಣೆಯಲ್ಲಿ ದಾನ ಕೊಡಲೇಬೇಕು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕರಲ್ಲಿ ಪಂಚಮಿಯ ನೋಂಪಿಗೆ ಸಲ್ಲುವುದು ಶಾಸ್ತ್ರದಾನ. ಇದು ರಾಜಮನೆತನದವರಿಗೆ ಮಾತ್ರ ಮೀಸಲಾಗಿದ್ದ ಮಾತಲ್ಲ. ಅದೇ ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆಯೂ ಚಾಮುಂಡನೆಂಬ ರಾಜಮಾನ್ಯ ವ್ಯಾಪಾರಿಯ ಪತ್ನಿಯೂ ಆದ ದೇಮತಿಯು ಈ ನಾಲ್ಕು ದಾನಗಳನ್ನೂ ಮಾಡಿ ಶಕ 1042ರಲ್ಲಿ ಸಮಾಧಿಮರಣವನ್ನು ಹೊಂದಿದಳೆಂದು ಬೆಳಗೊಳದ ಶಾಸನ ಸಾರುತ್ತದೆ. ವ್ಯಾಪಾರದಲ್ಲಿ ಬಂದ ಲಾಭ ಯಾವ ಕಡೆಗೆ ಹರಿಯುತ್ತಿತ್ತೆಂಬುದಕ್ಕೆ ಇದು ನಿದರ್ಶನ. ಇವರಿಗಿಂತ ನೂರು ವರ್ಷಗಳ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದೂ, ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದುದೂ, ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದುದೂ ಎಲ್ಲರೂ ಬಲ್ಲ ವಿಷಯ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಅಂದಿನ ಶ್ರಾವಿಕೆಯರಿಗೆ ಗ್ರಂಥದ ಬೆಲೆ ಗೊತ್ತಿತ್ತು.

ಘಟ್ಟದ ಮೇಲಿನ ನಾಡಿನಲ್ಲಿ ಬರೆದ ಈ ಸಿದ್ಧಾಂತದ ಓಲೆಗಳು ಕಾಲಾಂತರದಲ್ಲಿ ಘಟ್ಟವನ್ನಿಳಿದು ಮೂಡುಬಿದಿರೆಯ ಗುರುಬಸದಿಯನ್ನು ಸೇರಿದವು. ಅವುಗಳಿಂದಾಗಿಯೇ ಆ ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದಿತು. ಹಳಗನ್ನಡ ಲಿಪಿ, ಪ್ರಾಕೃತ ಸಂಸ್ಕೃತಗಳು ಬೆರೆತ ಭಾಷೆ, ನಡುನಡುವೆ ಜಿನರ, ಯಕ್ಷಯಕ್ಷಿಯರ, ಭಕ್ತರ ವರ್ಣಚಿತ್ರಗಳು. ಇವುಗಳ ಇತರ ಪುರಾತನ ಪ್ರತಿಗಳು ಭಾರತದಲ್ಲಿ ಬೇರೆಲ್ಲಿಯೂ ಉಳಿಯಲಿಲ್ಲ. ತುಳುನಾಡಿನಂತಹ ಮಳೆಯ ಸೀಮೆಯಲ್ಲಿ, ಗೆದ್ದಲು ಬೂಷ್ಟುಗಳ ನಡುವೆ, ಎಂಟುನೂರಕ್ಕೂ ಹೆಚ್ಚು ವರ್ಷ ಹಳೆಯ ಓಲೆ ಉಳಿದುದು ಸಾಮಾನ್ಯವಲ್ಲ. ಶ್ರುತಪಂಚಮಿ ಬರುವ ಕಾಲವನ್ನು ಇಲ್ಲಿ ಗಮನಿಸಬೇಕು. ಅದು ಮೇ ತಿಂಗಳ ಕೊನೆ ಅಥವಾ ಜೂನ್ ಮೊದಲರ್ಧ. ಕರಾವಳಿಯಲ್ಲಿ ಮಳೆ ಹಿಡಿಯುವ ಹೊತ್ತು. ಕಟ್ಟು ಬಿಚ್ಚಿ ಧೂಳು ಒರೆಸಿ, ಗರಿಗಳಿಗೆ ಗಾಳಿಯಾಡಿಸಿ, ಹುಳ ಬಿದ್ದಿದೆಯೇ ಎಂದು ನೋಡಿ, ಎಣ್ಣೆ ಸವರಿ, ಒಣಗಿದ ಹೊಸ ಬಟ್ಟೆಯಲ್ಲಿ ಬಿಗಿದು ಕಟ್ಟಿಟ್ಟರೆ ಮುಂದಿನ ನಾಲ್ಕು ತಿಂಗಳಿಗೆ ಭಯವಿಲ್ಲ. ಪರ್ವದ ಹೆಸರಿನಲ್ಲಿ ವರ್ಷಕ್ಕೊಮ್ಮೆ ಈ ಕೆಲಸ ತಪ್ಪದೆ ನಡೆಯುತ್ತಿತ್ತು. ಪೂಜೆಯೆಂಬ ಭಾವನೆ ಇಲ್ಲದಿದ್ದರೆ ಇಷ್ಟು ತಲೆಮಾರುಗಳವರೆಗೆ ಯಾರು ತಾನೇ ಬೇಸರಿಸದೆ ಮಾಡಿಯಾರು?

ಆದರೆ ಪೂಜೆಯೊಂದೇ ಸಾಲದೆಂಬುದನ್ನೂ ಇದೇ ಇತಿಹಾಸ ತೋರಿಸುತ್ತದೆ. ಕಾಲಕ್ರಮದಲ್ಲಿ ಈ ಗ್ರಂಥಗಳು ದರ್ಶನದ ವಸ್ತುಗಳಾಗಿ ಉಳಿದು, ಓದುವವರು ಇಲ್ಲವಾದರು. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕ್‌ಚಂದ್ ಅವರು ಯಾತ್ರೆಗೆಂದು ಮೂಡುಬಿದಿರೆಗೆ ಬಂದು ದರ್ಶನ ಮಾಡಿದಾಗ ಓಲೆಗಳು ಜೀರ್ಣವಾಗುತ್ತಿದ್ದುದು ಅವರ ಮನಸ್ಸಿಗೆ ತಟ್ಟಿತು. ಅವರು ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಅವರಿಗೆ ಈ ವಿಷಯವನ್ನು ತಿಳಿಸಿದರು. ವ್ಯಾಪಾರಿಗಳಾದ ಈ ಮಹನೀಯರ ಪ್ರಯತ್ನದಿಂದ ಹಣ ಕೂಡಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಹಳೆಯ ಲಿಪಿಯನ್ನು ಓದಬಲ್ಲವರಾಗಿದ್ದರು. 1896ರ ಸುಮಾರಿಗೆ ಅವರೂ ಗಜಪತಿ ಉಪಾಧ್ಯಾಯರೂ ಪ್ರತಿಮಾಡುವ ಕಾರ್ಯವನ್ನು ಆರಂಭಿಸಿದರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಉಪಾಧ್ಯಾಯರೂ ಅವರ ನಂತರ ಬಂದ ಸ್ಥಳೀಯ ವಿದ್ವಾಂಸರೂ ದುಡಿದು, ಮೂರು ಗ್ರಂಥಗಳ ಪ್ರತಿಗಳು ಮುಗಿಯುವಾಗ 1922 ಆಗಿತ್ತು. ಇಪ್ಪತ್ತಾರು ವರ್ಷಗಳ ಕೆಲಸ!

ಪ್ರತಿಯಾದರೂ ಅದು ಮೂಡುಬಿದಿರೆಯ ಹೊರಗೆ ಹೋಗಬಾರದೆಂಬ ಕಟ್ಟುಪಾಡಿತ್ತು. ಇದಕ್ಕಾಗಿ ಅಂದಿನ ಊರಿನವರನ್ನು ದೂಷಿಸುವುದು ಸುಲಭ. ಆದರೆ ಶತಮಾನಗಳ ಕಾಲ ಪ್ರಾಣದಂತೆ ಕಾದವರಿಗೆ ಕೈಬಿಡಲು ಅಂಜಿಕೆಯಾಗುವುದು ಸಹಜ. ಮತ್ತೊಂದು ಕಡೆ, ಓದಲು ಬಾರದ ಆಗಮದಿಂದ ಯಾರಿಗೆ ಪ್ರಯೋಜನವೆಂದು ಕೇಳಿದವರೂ ಧರ್ಮಾಭಿಮಾನಿಗಳೇ ಆಗಿದ್ದರು. ಈ ಎರಡರ ನಡುವೆ ಗಜಪತಿ ಉಪಾಧ್ಯಾಯರು ನಾಗರಿ ಪ್ರತಿಯನ್ನು ಮಾಡುತ್ತಿರುವಾಗಲೇ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಸಿದ್ಧಪಡಿಸಿದರು. ಅದರಲ್ಲಿ ಅವರಿಗೆ ನೆರವಾದವರು ವಿದುಷಿಯಾದ ಅವರ ಪತ್ನಿ ಲಕ್ಷ್ಮೀಬಾಯಿಯವರು. ಆ ಪ್ರತಿಯು ಸಹಾರನ್‌ಪುರದ ಲಾಲಾ ಜಂಬೂಪ್ರಸಾದರ ಕೈ ಸೇರಿ, ಅಲ್ಲಿ ನಾಗರಿಗೆ ಇಳಿದು, ಉತ್ತರ ಭಾರತದ ವಿದ್ವಾಂಸರಿಗೆ ದೊರೆಯಿತು. ಅಮರಾವತಿಯಿಂದ ಡಾ. ಹೀರಾಲಾಲ್ ಜೈನ್ ಅವರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳು ಪೂರ್ಣವಾದವು. ಕನ್ನಡ ನಾಡಿನವರೇ ಆದ ಡಾ. ಆ. ನೇ. ಉಪಾಧ್ಯೆಯವರ ಸಹಕಾರವೂ ಈ ಕಾರ್ಯಕ್ಕೆ ದೊರಕಿತ್ತು. 1947ರಿಂದ ಭಾರತೀಯ ಜ್ಞಾನಪೀಠವು ಮಹಾಬಂಧವನ್ನು 7 ಸಂಪುಟಗಳಲ್ಲಿ ಪ್ರಕಟಿಸಿತು. ಮೂಡುಬಿದಿರೆಯವರು ಬಳಿಕ ಮುದ್ರಣದ ಪಾಠವನ್ನು ಮೂಲದೊಡನೆ ತಾಳೆ ನೋಡಲು ಉದಾರವಾಗಿ ಅವಕಾಶವಿತ್ತರು. ದೇಮಿಯಕ್ಕ, ಮಲ್ಲಿಕಬ್ಬೆಯರು ಆರಂಭಿಸಿದ ಕಾರ್ಯವು ಎಂಟು ಶತಮಾನಗಳ ನಂತರ ಲಕ್ಷ್ಮೀಬಾಯಿಯವರ ಲೇಖನಿಯಿಂದ ಮುಂದುವರಿದುದು ಆಕಸ್ಮಿಕವಿರಬಹುದು. ಆದರೂ ನೆನೆಯತಕ್ಕ ಸಂಗತಿ.

ಮಠ ಬಸದಿಗಳ ಭಂಡಾರಗಳ ಮಾತು ಹೀಗಾದರೆ ಮನೆಗಳ ಭಂಡಾರಗಳ ಗತಿಯೇನು? ವಿದ್ವಾನ್ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿ 1948ರಲ್ಲಿ ಪ್ರಕಟವಾಯಿತು. ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳ ಸಂಪತ್ತು ಅದರಿಂದ ಲೋಕಕ್ಕೆ ತಿಳಿಯಿತು. ಆದರೆ ಗುತ್ತು ಬೀಡುಗಳಲ್ಲಿ, ಸಾಧಾರಣ ಶ್ರಾವಕರ ಮನೆಗಳ ಅಟ್ಟಗಳಲ್ಲಿ ಇದ್ದ ಓಲೆಕಟ್ಟುಗಳಲ್ಲಿ ಎಷ್ಟೋ ಯಾವ ಸೂಚಿಯಲ್ಲಿಯೂ ಸೇರಲಿಲ್ಲ. ತುಳುನಾಡಿನ ಜೈನರಲ್ಲಿ ಅಳಿಯಸಂತಾನದ ಪದ್ಧತಿ ಇದ್ದುದರಿಂದ ಕುಟುಂಬದ ಮನೆ, ಮನೆಚೈತ್ಯಾಲಯ, ಅದರ ಪೂಜೆ, ಪರ್ವಗಳ ಕಟ್ಟಳೆ ಎಲ್ಲವೂ ಹೆಣ್ಣಿನ ಸಂತತಿಯಲ್ಲಿ ಒಂದೇ ಕಡೆ ಉಳಿದಿರುತ್ತಿದ್ದವು. ಯಜಮಾನನು ಮಾವ, ಆದರೆ ಮನೆಯ ಪರ್ವವನ್ನು ನಡೆಸುತ್ತಿದ್ದವಳು ಅಜ್ಜಿ. 1949ರ ಅಳಿಯಸಂತಾನ ಕಾಯಿದೆಯೂ 1956ರ ಉತ್ತರಾಧಿಕಾರ ಕಾಯಿದೆಯೂ ಬಂದ ಮೇಲೆ ಕುಟುಂಬಗಳು ಪಾಲಾದವು. 1974ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿ ನಿಂತಿತು. ಉಳುವವನಿಗೆ ಭೂಮಿ ಸಿಕ್ಕಿದುದು ನ್ಯಾಯವೇ. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ನಂದಾದೀಪ, ಪರ್ವದ ಅಭಿಷೇಕ, ಅನ್ನದಾನಗಳಿಗೆ ಬೇರೆ ದಾರಿಯನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ.

ಪಾಲುಪಟ್ಟಿಯಲ್ಲಿ ಗದ್ದೆ ಬಂತು, ತೋಟ ಬಂತು, ಹಿತ್ತಾಳೆಯ ಹಂಡೆಯವರೆಗೆ ಎಲ್ಲವೂ ಲೆಕ್ಕಕ್ಕೆ ಬಂತು. ಓಲೆಕಟ್ಟು ಯಾರಿಗೂ ಬೇಡವಾಯಿತು. ಓದಲು ಬಾರದ್ದನ್ನು ಇಟ್ಟು ಏನು ಮಾಡುವುದೆಂದು ಹೊಳೆಗೆ ಬಿಟ್ಟವರಿದ್ದಾರೆ. ಹಳೆಯ ಸಾಮಾನಿನವರಿಗೆ ಕೊಟ್ಟವರೂ ಇದ್ದಾರೆ. ಅನಂತನ ನೋಂಪಿ ಯಾರ ಪಾಲಿಗೆ, ಶ್ರುತಪಂಚಮಿ ಯಾರ ಪಾಲಿಗೆ ಎಂದು ಬರೆದ ಪಾಲುಪತ್ರವಿಲ್ಲ. ಅಣ್ಣ ಮಾಡಿಯಾನೆಂದು ತಮ್ಮ, ತಂಗಿ ಮಾಡಿಯಾಳೆಂದು ಅಕ್ಕ, ಹೀಗೆ ಎಲ್ಲರೂ ಬಿಟ್ಟ ಪರ್ವ ಎರಡು ಮೂರು ವರ್ಷಗಳಲ್ಲಿ ನಿಂತೇ ಹೋಗುತ್ತದೆ. ಹೊಲಗದ್ದೆಯ ಸ್ವಭಾವ ಬೇರೆ, ಇದರ ಸ್ವಭಾವ ಬೇರೆ. ಹೊಲವನ್ನು ನಾಲ್ವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಕಾಲುಭಾಗ. ನೋಂಪಿಯನ್ನು ನಾಲ್ಕು ಮನೆಗಳು ಹಿಡಿದರೆ ನಾಲ್ಕು ಕಡೆಯೂ ಪೂರ್ಣವೇ. ವ್ಯಾಪಾರ ಬಲ್ಲವರಿಗೆ ಈ ಲೆಕ್ಕ ತಿಳಿಯದ್ದೇನಲ್ಲ.

ಉಜ್ಜವಣೆಗಳು ಇಂದಿಗೂ ನಡೆಯುತ್ತಿಲ್ಲವೆಂದಲ್ಲ. ಬಹಳ ವೈಭವದಿಂದಲೇ ನಡೆಯುತ್ತಿವೆ. ಬಂದವರಿಗೆಲ್ಲ ಸ್ಟೀಲಿನ ಡಬ್ಬಿಗಳನ್ನು ಹಂಚುವುದು ರೂಢಿಯಾಗಿದೆ. ಡಬ್ಬಿಯಿಂದಲೂ ಉಪಯೋಗವುಂಟು, ಬೇಡವೆನ್ನಲಾಗದು. ಆದರೆ ದೇಮಿಯಕ್ಕನು ಅಂದು ಪಾತ್ರೆಗಳನ್ನು ಹಂಚಿ ಕೈತೊಳೆದುಕೊಂಡಿದ್ದರೆ ಇಂದು ಧವಲೆಯೆಂಬುದು ಒಂದು ಹೆಸರು ಮಾತ್ರವಾಗಿರುತ್ತಿತ್ತು. ಕೆಲವು ಮನೆಗಳಲ್ಲಿ ಈಚೆಗೆ ಉಜ್ಜವಣೆಯ ಸಂದರ್ಭದಲ್ಲಿ ತಮ್ಮ ಅಜ್ಜಿ ಹೇಳುತ್ತಿದ್ದ ನೋಂಪಿಯ ಕಥೆಯನ್ನೋ ಪೂಜಾವಿಧಿಯನ್ನೋ ಚಿಕ್ಕ ಪುಸ್ತಕವಾಗಿ ಅಚ್ಚುಹಾಕಿಸಿ ಬಂಧುಗಳಿಗೆ ಕೊಡುವ ಪದ್ಧತಿ ಆರಂಭವಾಗಿರುವುದು ಸಂತೋಷದ ವಿಷಯ. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ ಮಕ್ಕಳು ಅಜ್ಜಿಯ ಕಥೆಯನ್ನು ಅವಳ ಧ್ವನಿಯಲ್ಲಿಯೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವುದೂ ಉಂಟು. ಅಂಥ ಧ್ವನಿಮುದ್ರಣವನ್ನು ಬರವಣಿಗೆಗೆ ಇಳಿಸಿ, ಕಥೆ ಬಲ್ಲ ಹಿರಿಯರಿಂದ ತಾಳೆ ನೋಡಿಸಿ, ಎರಡು ಕಡೆ ಇಡುವುದು ಒಳ್ಳೆಯದು. ಧರಸೇನಾಚಾರ್ಯರ ಪರೀಕ್ಷೆ ಒಂದಕ್ಷರದ್ದಾಗಿತ್ತು.

ಮನೆಯಲ್ಲಿ ಓಲೆಕಟ್ಟು ಇರುವವರು ಅದನ್ನು ತಾವಾಗಿ ಬಿಚ್ಚಿ ತೊಳೆಯುವುದಾಗಲಿ ಬಿಸಿಲಿಗೆ ಹರಡುವುದಾಗಲಿ ಬೇಡ. ಒಣಗಿ ಗರಿಮುರಿಯಾದ ಓಲೆ ಬಗ್ಗಿಸಿದ ಕೂಡಲೇ ಮುರಿಯುತ್ತದೆ. ಕಟ್ಟಿನ ದಾರವನ್ನು ಎಳೆದರೆ ರಂಧ್ರ ಹರಿದು ಗರಿಗಳ ಕ್ರಮ ತಪ್ಪುತ್ತದೆ. ಬಲ್ಲವರಿಗೆ ತೋರಿಸಿ, ಗ್ರಂಥ ಯಾವುದೆಂದು ಗುರುತಿಸಿ, ಛಾಯಾಚಿತ್ರಗಳನ್ನು ತೆಗೆಸಿದ ಮೇಲೆ ಮೂಲವು ಮನೆಯಲ್ಲಿ ಇರಲಿ, ಮಠದ ಭಂಡಾರಕ್ಕೆ ಹೋಗಲಿ, ಅದು ಆ ಮನೆಯವರ ಇಷ್ಟ. ಮಹಾಬಂಧದ ಏಕೈಕ ಪ್ರತಿಯಲ್ಲಿ ಕೆಲವು ಗರಿಗಳು ಪ್ರತಿಮಾಡುವ ಮೊದಲೇ ಜೀರ್ಣವಾಗಿ ನಷ್ಟವಾಗಿದ್ದವು. ಮುದ್ರಿತ ಸಂಪುಟವನ್ನು ತೆರೆದರೆ ಆ ಸ್ಥಳಗಳಲ್ಲಿ ಪಾಠವು ಇಂದಿಗೂ ತುಂಡಾಗಿ ನಿಂತಿದೆ. ಭೂತಬಲಿ ಆಚಾರ್ಯರು ಅಲ್ಲಿ ಏನು ಹೇಳಿದ್ದರೆಂದು ತಿಳಿಯಲು ಮಲ್ಲಿಕಬ್ಬೆಯಂಥ ಇನ್ನೊಬ್ಬಳು ಬರೆಯಿಸಿದ ಎರಡನೆಯ ಪ್ರತಿ ಎಲ್ಲಿಯೂ ದೊರೆತಿಲ್ಲ.